ಚಿಂಚೋಳಿ ಗುಡ್ಡದ ಶಂಖಗಳು ಮತ್ತು ಒಂದು ಉಪ್ಪುನೀರಿನ ಬಾವಿ

ಭೂವಿಜ್ಞಾನ ಓದಿ ಈಗಷ್ಟೇ ನೌಕರಿಗೆ ಸೇರಿದವರು ಆಗೊಮ್ಮೆ ಈಗೊಮ್ಮೆ ನನ್ನನ್ನು ನೋಡಲು ಬರುತ್ತಾರೆ. ಚಹಾ ಮುಗಿಯುವ ಹೊತ್ತಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಸರ್, ನಿಮ್ಮ ಕಾಲದಲ್ಲಿ ಡೈನೋಸಾರ್ ಎಲುಬು ಏನಾದರೂ ಸಿಕ್ಕಿತ್ತೇ?" ಸಿಗಲಿಲ್ಲಪ್ಪಾ, ಏನು ಮಾಡಲಿ! ಸಿಕ್ಕಿದ್ದು ಬಸವನಹುಳು. ಉಗುರಿನಷ್ಟು ದೊಡ್ಡದು, ಕಲ್ಲಾಗಿ ಹೋದದ್ದು. ಹಾಗೆಂದ ಕೂಡಲೇ ಅವರ ಮುಖ ಸಪ್ಪಗಾಗುತ್ತದೆ, ಬಸ್ಸಿನ ಹೊತ್ತು ನೆನಪಾಗುತ್ತದೆ. ಹೋಗಲಿ ಬಿಡಿ. ಹೋದವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ. ಆ ಹುಳುವಿನಿಂದ ಒಂದು ಕೇರಿಯ ಕುಡಿಯುವ ನೀರು ಹೋಗುವುದರಲ್ಲಿತ್ತು, ಒಬ್ಬ ಒಳ್ಳೆಯ ಅಧಿಕಾರಿಯ ಹೆಸರಂತೂ ಹೋಗಿಯೇ ಹೋಯಿತು.

ಊರಿನ ಹೆಸರು ಹೇಳುವುದಿಲ್ಲ. ಚಿಂಚೋಳಿಯ ಗುಡ್ಡಗಳು ಶುರುವಾಗುವ ಕಡೆ, ಸೇಡಂ ದಾರಿಗೆ ಹತ್ತಿರ ಎಂದಷ್ಟೇ ತಿಳಿದರೆ ಸಾಕು. ಈಗ ಅಲ್ಲಿ ನಳದ ನೀರು ಬಂದಿದೆ ಎಂದು ಕೇಳಿದ್ದೇನೆ. ಆದರೂ ಹೇಳುವುದಿಲ್ಲ. ಯಾರಾದರೂ ಒತ್ತಾಯ ಮಾಡಿ ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ಮನೆ ಚಿತ್ತಾಪುರದ ಪೇಟೆಯಲ್ಲಿತ್ತು. ಹೈದರಾಬಾದಿನಲ್ಲಿ ಓದು ಮುಗಿಸಿ ನಾನು ನೌಕರಿಗೆ ಸೇರಿದ್ದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಹೊಗೆ ಇನ್ನೂ ಆರದಿದ್ದ ದಿನಗಳಲ್ಲಿ. ನಮ್ಮ ಕೆಲಸ ಬಾವಿಗೆ ಜಾಗ ತೋರಿಸುವುದು. ಎಲ್ಲಿ ಯಾವ ಕಲ್ಲಿದೆ, ಅದರ ಕೆಳಗೆ ನೀರು ಉಂಟೋ ಇಲ್ಲವೋ, ಇದ್ದರೆ ಸಿಹಿಯೋ ಸವಳೋ ಎಂದು ನೋಡಿ ನಕ್ಷೆಯ ಮೇಲೆ ಗುರುತು ಹಾಕಬೇಕು. ಆ ಗುರುತಿನ ಮೇಲೆ ಸರ್ಕಾರ ಬಾವಿ ತೋಡಿಸುತ್ತಿತ್ತು. ನಿಮ್ಮ ಈಗಿನ ಯಂತ್ರಗಳು ಯಾವುವೂ ಇರಲಿಲ್ಲ. ಒಂದು ಸುತ್ತಿಗೆ, ಒಂದು ಭೂತಗನ್ನಡಿ, ಒಂದು ದಿಕ್ಸೂಚಿ. ನಾಲ್ಕನೆಯ ಉಪಕರಣ ನಾಲಿಗೆ. ನಗಬೇಡಿ. ಕಲ್ಲು ಒಡೆದು ಹೊಸ ಮೈಗೆ ನಾಲಿಗೆ ಹಚ್ಚಿದರೆ ಜೇಡಿಯೋ ಸುಣ್ಣವೋ ತಿಳಿಯುತ್ತದೆ. ಜೇಡಿ ಇದ್ದರೆ ನಾಲಿಗೆ ಅಂಟಿಕೊಳ್ಳುತ್ತದೆ. ವಾಡಿ ಸ್ಟೇಷನ್ನಿನಲ್ಲಿ ಇಳಿದರೆ ಮುಂದಿನದೆಲ್ಲ ಎತ್ತಿನ ಬಂಡಿ ಅಥವಾ ಸ್ವಂತ ಕಾಲು. ಜೀಪು ಬಂದದ್ದು ಆಮೇಲೆ. ಬಂಡಿಯಲ್ಲಿ ಹೋಗುವಾಗ ದಾರಿಯ ಎಲ್ಲ ಕಲ್ಲನ್ನೂ ನೋಡುತ್ತಿದ್ದೆವು, ಜೀಪಿನಲ್ಲಿ ಧೂಳು ನುಂಗುವುದೇ ಕೆಲಸವಾಯಿತು.

ನನ್ನ ಮೊದಲ ಮೇಲಧಿಕಾರಿ ಖಾದ್ರಿ ಸಾಹೇಬರು. ಬಿಳಿ ಗಡ್ಡ, ಸದಾ ಒಗೆದ ಶೇರವಾನಿ, ಬಾಯಲ್ಲಿ ಎಲೆಯಡಿಕೆ. ಶಹಾಬಾದಿನ ಒಂದು ಕ್ವಾರಿಯಲ್ಲಿ ನಾನು ಮೊದಲ ಸಲ ಮಾನ ಕಳೆದುಕೊಂಡಿದ್ದು ಅವರೆದುರಿಗೇ. ಆಗತಾನೆ ಎತ್ತಿದ ಫರ್ಸಿ ಹಾಸುಗಲ್ಲೊಂದರ ಮೇಲೆ ಕಪ್ಪು ಎಲೆಗಳು, ಎಳೆ ಎಳೆಯಾದ ರೆಂಬೆಗಳು, ಯಾರೋ ಸೂಜಿಯಿಂದ ಬಿಡಿಸಿದ ಹಾಗೆ. ನಾನು ಕೂಗಿಯೇಬಿಟ್ಟೆ.

"ಸಾಬ್, ಪಳೆಯುಳಿಕೆ! ಗಿಡದ್ದು!"

ಅವರು ಬಂದು ನೋಡಿ, ಎಲೆ ಉಗಿದು, ನಿಧಾನವಾಗಿ ಹೇಳಿದರು. "ಗಿಡಾ ಅಲ್ಲ ಬೇಟಾ. ಬಿರುಕಿನಾಗ ನೀರ್ ಇಳಿದು ಕರೀ ಕಲೆ ಬಿಟ್ಟದ. ಈ ಫರ್ಸಿ ಅದಲ್ಲಾ, ಇದು ಖರೇನೇ ಸಮುದ್ರದ ತಳಾ. ಆದ್ರ ಆ ಸಮುದ್ರದಾಗ ಮೀನಿಲ್ಲ, ಶಂಖಿಲ್ಲ. ಅವು ಹುಟ್ಟೋಕಿಂತ ಭಾಳ ಮೊದಲಿಂದು ಇದು. ಶಂಖ ನೋಡ್ಬೇಕಂದ್ರ ಚಿಂಚೋಳಿ ಗುಡ್ಡಕ್ಕ ಹೋಗು. ಅಲ್ಲಿ ಶಂಖ ಅವ, ಸಮುದ್ರ ಇಲ್ಲ."

ಕ್ವಾರಿಯ ಆಳುಗಳೆಲ್ಲ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಮಾನದ ಬಿಸಿಯಲ್ಲಿ ಅವರ ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮರುವರ್ಷವೇ ಖಾದ್ರಿ ಸಾಹೇಬರು ನಿವೃತ್ತರಾಗಿ ಮಗಳ ಊರಿಗೆ ಹೋದರು. ಆಗ ಹಳೆಯ ಅಧಿಕಾರಿಗಳು ಒಬ್ಬೊಬ್ಬರಾಗಿ ಹೋಗುತ್ತಿದ್ದರು, ಹೊರಗಿನಿಂದ ಹೊಸಬರು ಬರುತ್ತಿದ್ದರು. ಉರ್ದು ಫೈಲುಗಳು ಕಪಾಟು ಸೇರಿ, ಇಂಗ್ಲಿಷ್ ಫೈಲುಗಳು ಮೇಜಿಗೆ ಬಂದವು.

ಹಾಗೆ ಬಂದವರು ಕಾಮತ್ ಸಾಹೇಬರು. ಪಶ್ಚಿಮ ಕರಾವಳಿಯವರು, ಮದ್ರಾಸಿನಲ್ಲಿ ಕೆಲಸ ಮಾಡಿದ್ದವರು. ಸಣ್ಣ ಆಳು, ದೊಡ್ಡ ಟೊಪ್ಪಿಗೆ. ನಮ್ಮ ಬಿಸಿಲಿಗೆ ಅವರ ಮೂಗಿನ ಸಿಪ್ಪೆ ಎದ್ದು ಬರುತ್ತಿತ್ತು. ಜೋಳದ ರೊಟ್ಟಿಯನ್ನು ಹೇಗೆ ಮುರಿಯಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದರು. "ಇದೆಂತ ಶರಣಪ್ಪನವರೇ, ಇದಕ್ಕೂ ಸುತ್ತಿಗೆ ಬೇಕಾ?" ಎಂದು ಒಂದು ದಿನ ನನ್ನನ್ನು ಕೇಳಿದರು. ಅವರ ಕನ್ನಡ ನಮ್ಮ ಜನಕ್ಕೆ ಅರ್ಥವಾಗದೆ, ನಮ್ಮದು ಅವರಿಗೆ ತಿಳಿಯದೆ, ಕನ್ನಡದಿಂದ ಕನ್ನಡಕ್ಕೆ ನಾನು ದುಭಾಷಿಯಾಗಿದ್ದೆ. ಆದರೆ ಒಂದು ಮಾತು ಹೇಳಬೇಕು. ನನ್ನ ಇಡೀ ನೌಕರಿಯಲ್ಲಿ ಅಷ್ಟು ನೇರ ಮನುಷ್ಯನನ್ನು ಮತ್ತೆ ನೋಡಲಿಲ್ಲ. ನೋಡದ್ದನ್ನು ನೋಡಿದೆ ಎಂದು ಬರೆದವರಲ್ಲ. ನಮ್ಮಲ್ಲಿ ಒಬ್ಬ ಸರ್ವೇಯರ್ ಗುಡ್ಡ ಹತ್ತದೆ ಗುಡ್ಡದ ಎತ್ತರ ಬರೆದಿದ್ದ. ಅವನನ್ನು ಕರೆದುಕೊಂಡು ಹೋಗಿ, ತಾವೂ ಅವನ ಜೊತೆ ಬಿಸಿಲಲ್ಲಿ ಗುಡ್ಡ ಹತ್ತಿ, ಮೇಲೆ ನಿಂತು, "ಈಗ ಬರಿ" ಎಂದಿದ್ದರು.

ಆ ಊರಿಗೆ ನಾವಿಬ್ಬರೂ ಹೋದದ್ದು ಒಂದು ಬೇಸಿಗೆಯಲ್ಲಿ. ಊರ ಹೊರಗಿನ ದಲಿತರ ಕೇರಿಗೆ ಕುಡಿಯುವ ನೀರಿನ ಬಾವಿ ಬೇಕೆಂದು ಅರ್ಜಿ ಬಂದಿತ್ತು. ಬೆಳಿಗ್ಗೆ ಜೀಪು ಊರ ಬಾವಿಯ ಹತ್ತಿರ ನಿಂತಿತು. ಬಾವಿಕಟ್ಟೆಯಿಂದ ಸಾಕಷ್ಟು ದೂರ, ಬೇವಿನ ಗಿಡದ ಕೆಳಗೆ ಏಳೆಂಟು ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಕೂತಿದ್ದರು. ಕಾಮತರು ಕೇಳಿದರು. "ಇವರೆಲ್ಲ ಯಾಕೆ ಕೂತಿದ್ದಾರೆ? ಬಾವಿ ಹತ್ತಿರ ಯಾರೂ ಇಲ್ಲವಲ್ಲ, ಸೇದಬಹುದಲ್ಲ?"

ನಾನು ಹೇಳಿದೆ. "ಸೇದುವ ಹಾಗಿಲ್ಲ ಸರ್. ಊರವರು ಯಾರಾದರೂ ಬಂದು ಮೇಲಿಂದ ಇವರ ಕೊಡಕ್ಕೆ ಹೊಯ್ಯಬೇಕು. ಮನಸ್ಸಿದ್ದವರು ಹೊಯ್ಯುತ್ತಾರೆ."

ನಾವು ನೋಡುತ್ತಿದ್ದ ಹಾಗೆ ಒಬ್ಬ ಬಂದ, ಸೇದಿದ, ತನ್ನ ಎತ್ತುಗಳಿಗೆ ಕುಡಿಸಿದ, ಮಿಕ್ಕಿದ್ದನ್ನು ಕಟ್ಟೆಯ ಮೇಲೆ ಚೆಲ್ಲಿ ಹೋದ. ಹೆಂಗಸರು ಹಾಗೆಯೇ ಕೂತಿದ್ದರು. ನಾನು ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು, ಇಂಥದ್ದನ್ನು ದಿನಾ ಕಂಡವನು. ಆ ದಿನ ಪಕ್ಕದಲ್ಲಿ ಹೊರಗಿನವರೊಬ್ಬರು ನಿಂತು ನೋಡುತ್ತಿದ್ದುದರಿಂದ ನನಗೆ ಮೊದಲ ಸಲ ನಾಚಿಕೆಯಾಯಿತು.

ಆ ಹೆಂಗಸರಲ್ಲಿ ವಯಸ್ಸಾದವಳು ಮಲ್ಲವ್ವ. ಕೇರಿಯಲ್ಲಿ ಅವಳ ಮಾತು ನಡೆಯುತ್ತಿತ್ತು. ಅವಳ ಮಗ ಹುಸೇನಪ್ಪ, ಕೇರಿಯ ಉಳಿದ ಗಂಡಸರ ಹಾಗೆ ಶಹಾಬಾದಿನ ಕ್ವಾರಿಯಲ್ಲಿ ಕಲ್ಲು ಎತ್ತುವವನು. ನಾವು ಬರುವ ಸುದ್ದಿ ತಿಳಿದು ರಜೆ ಹಾಕಿ ಬಂದಿದ್ದ. ತಾಯಿ ಮಗ ಇಬ್ಬರೂ ನಮ್ಮನ್ನು ಕೇರಿಯ ಹಿಂದಿನ ಗುಡ್ಡದ ಬುಡಕ್ಕೆ ಕರೆದುಕೊಂಡು ಹೋದರು.

ಆ ಗುಡ್ಡದ ಕತೆ ಇಷ್ಟು. ಅದು ಲಾವಾರಸ ಹರಿದು ಹೆಪ್ಪುಗಟ್ಟಿದ ಕರಿಕಲ್ಲು. ಒಂದು ಸಲ ಹರಿದದ್ದಲ್ಲ, ಹರಿದು, ನಿಂತು, ಮತ್ತೆ ಹರಿದದ್ದು. ನಿಂತ ಆ ಬಿಡುವು ಎಷ್ಟು ದೀರ್ಘವೆಂದರೆ ಕರಿಕಲ್ಲಿನ ಮೇಲೆ ಮಣ್ಣಾಗಿ, ಗಿಡ ಬೆಳೆದು, ಹುಳು ಹುಪ್ಪಡಿ ಬದುಕಿ ಸತ್ತವು. ಆಮೇಲೆ ಮತ್ತೆ ಬೆಂಕಿ ಬಂದು ಎಲ್ಲವನ್ನೂ ಮುಚ್ಚಿತು. ಅದಕ್ಕೇ ಎರಡು ಕಪ್ಪು ಪದರಗಳ ನಡುವೆ ತೆಳುವಾದ ಬಿಳಿ ಕಲ್ಲಿನ ಪಟ್ಟಿ ಕಾಣುತ್ತದೆ. ಅದು ಡೈನೋಸಾರುಗಳ ಕಾಲದ ಕೊನೆಯದೋ, ಅವು ಹೋದ ಮೇಲಿನದೋ ಎಂದು ಆಗ ಪಂಡಿತರು ಜಗಳವಾಡುತ್ತಿದ್ದರು. ಈಗ ಆ ಕಾಲದ ಕೊನೆಯ ಆಸುಪಾಸಿನದೇ ಅನ್ನುತ್ತಾರೆ. ನಮ್ಮ ಹುಳುಗಳು ಇರುವುದು ಆ ಬಿಳಿ ಪಟ್ಟಿಯಲ್ಲಿ.

ನಾನು ಹಿಂದಿನ ದಿನವೇ ಒಬ್ಬನೇ ಬಂದು ಜಾಗ ನೋಡಿ ಗುಡ್ಡದ ಬುಡದಲ್ಲಿ ಗೂಟ ಹೊಡೆದಿದ್ದೆ. ಬಿಳಿ ಪಟ್ಟಿಯ ಜೇಡಿಯ ಕೆಳಗೆ ತೂತು ತೂತಾದ ಕರಿಕಲ್ಲು, ಅದರಲ್ಲಿ ನೀರು ಇರಲೇಬೇಕು ಎಂಬುದು ನನ್ನ ಲೆಕ್ಕ. ಕಾಮತರೂ ಸುತ್ತ ತಿರುಗಿ ನೋಡಿ ತಲೆಯಾಡಿಸಿದರು. ಅವರ ಒಪ್ಪಿಗೆ ಕಂಡು ಮಲ್ಲವ್ವನ ಮುಖ ಅರಳಿತು. ಕೂಡಲೇ ಗೂಟದ ಸುತ್ತ ಸಗಣಿ ಸಾರಿಸಿ, ಸೆರಗಿನ ಗಂಟು ಬಿಚ್ಚಿ, ಐದು ಕಲ್ಲುಗಳನ್ನು ಸಾಲಾಗಿ ಇಟ್ಟಳು. ಅವಕ್ಕೆ ಕುಂಕುಮ ಹಚ್ಚಿ ಕೈ ಮುಗಿದಳು.

"ಏನದು?" ಎಂದು ಕಾಮತರು ಕೇಳಿದರು.

ಮಲ್ಲವ್ವ ಹೇಳಿದಳು. "ಗಂಗವ್ವನ ಮಕ್ಳು ನೋಡ್ರೆಪ್ಪಾ. ಬಾವಿ ತೋಡೋ ಮುಂದ ಹಿಂಗ ಇಡ್ತೀವಿ. ಮಕ್ಳು ಮ್ಯಾಲ ಕುಂತು ಕರದ್ರ ತಾಯಿ ತಳದಾಗಿಂದ ಬರಲ್ದೆ ಇರ್ತಾಳೇನ್ರಿ? ಈ ಗುಡ್ಡದ ತುಂಬ ಅವ, ಮಳಿ ಬಂದಾಗ ತೊಳದು ಕೆಳಗ ಬರ್ತಾವ."

ಕಾಮತರು ಚಪ್ಪಲಿ ಬಿಟ್ಟು ಬಗ್ಗಿ, ಅವಳ ಅನುಮತಿ ಕೇಳಿ, ಒಂದನ್ನು ಎತ್ತಿಕೊಂಡರು. ಭೂತಗನ್ನಡಿ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ಅವರ ಮುಖದ ಬಣ್ಣವೇ ಬದಲಾಯಿತು.

"ಶರಣಪ್ಪನವರೇ, ಇದು ಬಲಮುರಿ!" ಅಂದರು.

ನಿಮ್ಮಲ್ಲಿ ಕೆಲವರಿಗೆ ತಿಳಿದಿರಲಿಕ್ಕಿಲ್ಲ. ದೇವರ ಮನೆಯಲ್ಲಿ ಊದುವ ಶಂಖದ ಸುರುಳಿ ಒಂದು ಕಡೆಗೆ ತಿರುಗಿರುತ್ತದೆ. ಲಕ್ಷಕ್ಕೊಂದು ಶಂಖ ಅದರ ಎದುರು ದಿಕ್ಕಿಗೆ ತಿರುಗಿರುತ್ತದೆ. ಅದೇ ಬಲಮುರಿ. ಕರಾವಳಿಯಲ್ಲಿ ಅದಕ್ಕೆ ಎಲ್ಲಿಲ್ಲದ ಮರ್ಯಾದೆ. ಕಾಮತರ ಊರಿನ ಮಠದಲ್ಲಿ ಅಂಥದ್ದೊಂದನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟು ವರ್ಷಕ್ಕೊಮ್ಮೆ ಮಾತ್ರ ದರ್ಶನಕ್ಕೆ ತೆಗೆಯುತ್ತಿದ್ದರಂತೆ. ಮಲ್ಲವ್ವ ಇಟ್ಟ ಕಲ್ಲುಹುಳುವಿನ ಸುರುಳಿ ಥೇಟ್ ಹಾಗೆಯೇ ತಿರುಗಿತ್ತು. ಶಂಖವೆಂದ ಮೇಲೆ ಸಮುದ್ರ, ಸಮುದ್ರವೆಂದ ಮೇಲೆ ಉಪ್ಪು. ಅವರ ತಲೆ ಆ ದಾರಿಯಲ್ಲಿ ಓಡಿತು.

ಅವರು ಗೂಟದ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಹೇಳಿದರು. "ನಮ್ಮ ಮನೆ ಹಿತ್ತಲಲ್ಲಿ ಅಪ್ಪ ಬಾವಿ ತೋಡಿಸಿದ್ದರು. ತಳದಲ್ಲಿ ಚಿಪ್ಪು ಸಿಕ್ಕಿತು. ಚಿಪ್ಪು ಸಿಕ್ಕಿದರೆ ನಿಲ್ಲಿಸಿ ಅಂತ ಹಿರಿಯರು ಹೇಳಿದ್ದರು, ಅಪ್ಪ ಕೇಳಲಿಲ್ಲ. ನೀರು ಬಂತು, ಬರೇ ಉಪ್ಪು. ಅಮ್ಮ ಸಾಯುವವರೆಗೂ ನೆರೆಮನೆಯಿಂದ ನೀರು ಹೊತ್ತಳು. ಇವರಿಗೆ ಉಪ್ಪುನೀರಿನ ಬಾವಿ ತೋಡಿಸಿ ಹೋಗಲಿಕ್ಕೆ ನನ್ನಿಂದ ಆಗುವುದಿಲ್ಲ. ಇವರಿಗೆ ಸಿಗುವುದು ಒಂದೇ ಬಾವಿ. ಅದು ಸಿಹಿಯೇ ಆಗಬೇಕು."

ನೋಡಿ, ತಪ್ಪು ಎಲ್ಲಿಂದ ಬಂತು! ದರ್ಪದಿಂದ ಬಂದಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ. ತಾಯಿ ಹೊತ್ತ ಕೊಡದಿಂದ ಬಂತು.

ನಾನು ವಾದ ಮಾಡಿದೆ. ಸಮುದ್ರ ಇಲ್ಲಿಂದ ಎಷ್ಟು ದೂರ, ಸರ್ ಅಂದೆ. ಶಹಾಬಾದಿನ ಫರ್ಸಿ ಸಮುದ್ರದ್ದೇ ಅಲ್ಲವೋ ಎಂದು ಅವರು ಕೇಳಿದರು. ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಗೂಟ ಕೀಳಿಸಿ ಅವರು ನಕ್ಷೆಯ ಮೇಲೆ ಆ ಗುಡ್ಡದ ಬುಡಕ್ಕೆ 'ಶಂಖಗಳಿರುವ ಸಮುದ್ರ ಮೂಲದ ಪದರ, ಉಪ್ಪುನೀರು' ಎಂದು ಬರೆದು ಸಹಿ ಹಾಕಿದರು. ಹಳ್ಳದ ಹತ್ತಿರ ಗೌಡರ ಹೊಲದಲ್ಲಿ ಬೇರೆ ಜಾಗ ಗುರುತಿಸಿದರು.

"ಸರ್, ಅಲ್ಲಿ ತೋಡಿದರೆ ಈ ಜನಕ್ಕೆ ಸಿಗುವುದಿಲ್ಲ" ಎಂದೆ.

"ಯಾಕೆ ಸಿಗುವುದಿಲ್ಲ? ಸರ್ಕಾರದ ಬಾವಿ. ಎಲ್ಲರದ್ದೂ ಅಂತ ಕಲ್ಲಿನ ಮೇಲೆ ಬರೆಸುತ್ತೇನೆ. ನೀವು ಈ ಊರ ಕಡೆಯವರು, ನೀವೇ ಹೀಗೆ ಹೇಳಿದರೆ ಹೇಗೆ?"

"ಈ ಕಡೆಯವನಾದ್ದರಿಂದಲೇ ಹೇಳುತ್ತಿದ್ದೇನೆ."

ಅವರು ಕೇಳಲಿಲ್ಲ. ನಾವು ಏನು ಮಾತಾಡುತ್ತಿದ್ದೇವೆಂದು ಮಲ್ಲವ್ವನಿಗೆ ತಿಳಿಯಲಿಲ್ಲ. ಗೂಟ ಕಿತ್ತದ್ದು ಮಾತ್ರ ಕಂಡಿತು. ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಯಾಕ್ರೆಪ್ಪಾ, ನಾ ಏನರ ತಪ್ಪ್ ಮಾಡಿದ್ನೇನು? ಮಕ್ಳನ್ನ ಇಡಬಾರದಿತ್ತೇನು?"

ಅವಳು ಭಕ್ತಿಯಿಂದ ಇಟ್ಟದ್ದೇ ಅವಳ ಬಾವಿಯನ್ನು ನುಂಗಿತ್ತು. "ಇಲ್ಲಿ ನೀರು ಉಪ್ಪು ಬರ್ತದಂತ ಸಾಹೇಬ್ರು ಬರದಾರ, ನಿಂದೇನೂ ತಪ್ಪಿಲ್ಲ ಯವ್ವಾ" ಅಂದೆ. ಅವಳು ನಂಬಲಿಲ್ಲ. ಐದೂ ಕಲ್ಲುಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದಳು.

ಗೌಡರ ಹೊಲದಲ್ಲಿ ಬಾವಿಯಾಯಿತು, ನೀರೂ ಬಂತು. 'ಸಾರ್ವಜನಿಕ ಬಾವಿ' ಎಂದು ಕೆತ್ತಿದ ಕಲ್ಲನ್ನು ಕಾಮತರು ಹೇಳಿದ ಹಾಗೆಯೇ ನಿಲ್ಲಿಸಿದರು. ಮರುವಾರ ಗೌಡರು ಹೊಲಕ್ಕೆ ಮುಳ್ಳುಬೇಲಿ ಹಾಕಿಸಿದರು. ಬಾವಿ ಸಾರ್ವಜನಿಕ, ಸರಿ. ಹೊಲ ಅಲ್ಲವಲ್ಲ! ಕಾಮತರು ತಾಲೂಕು ಕಚೇರಿಗೆ ಕಾಗದದ ಮೇಲೆ ಕಾಗದ ಬರೆದರು. "ಪರಿಶೀಲಿಸಲಾಗುವುದು" ಎಂಬ ಉತ್ತರ ಬಂತು. ಆ ಉತ್ತರ ಓದಿದ ದಿನ ಅವರು ಮಧ್ಯಾಹ್ನ ಊಟ ಮಾಡಲಿಲ್ಲ. "ನೀವು ಹೇಳಿದ್ದಿರಿ" ಎಂದಷ್ಟೇ ನನಗೆ ಅಂದರು.

ನನಗೆ ಆ ಹುಳುಗಳ ಯೋಚನೆ ಬಿಡಲಿಲ್ಲ. ಮಲ್ಲವ್ವ ಕೇಳಿದ ಮಾತು ಕಿವಿಯಲ್ಲೇ ಕೂತಿತ್ತು. ಚಳಿಗಾಲದಲ್ಲಿ ಚಿಂಚೋಳಿಯ ಆಚೆ ಕ್ಯಾಂಪು ಬಿತ್ತು. ಅಲ್ಲಿಯೂ ಅದೇ ಬಿಳಿ ಪಟ್ಟಿ ಗುಡ್ಡದ ಸೊಂಟಕ್ಕೆ ಸುತ್ತಿಕೊಂಡಿತ್ತು. ಬಿಡುವಿದ್ದಾಗಲೆಲ್ಲ ಹೋಗಿ ಸುತ್ತಿಗೆಯಿಂದ ಒಡೆದು ಹುಳು ಆರಿಸಿ ತರುತ್ತಿದ್ದೆ. ಒಂದು ಬುಟ್ಟಿ ತುಂಬಿತು. ಡೇರೆಯ ಮುಂದೆ ಚಾಪೆ ಹಾಸಿ, ಎಲ್ಲವನ್ನೂ ಸುರಿದು, ಬಲಮುರಿ ಒಂದು ಕಡೆ, ಸಾಮಾನ್ಯ ಶಂಖ ಒಂದು ಕಡೆ ಎಂದು ಬೇರ್ಪಡಿಸಲು ಕೂತೆ. ಬಲಮುರಿಯ ಗುಡ್ಡೆ ಬೆಳೆಯುತ್ತಲೇ ಹೋಯಿತು. ಇನ್ನೊಂದು ಕಡೆ ಒಂದೂ ಬೀಳಲಿಲ್ಲ. ಮೊದಲು ನನ್ನ ಕಣ್ಣಿನ ಮೇಲೆ ಅನುಮಾನ ಬಂತು. ಮತ್ತೆ ನೋಡಿದೆ. ಆಗ ಹೊಳೆಯಿತು, ಹೊಳೆದು ಎದ್ದು ನಿಂತುಬಿಟ್ಟೆ. ಲಕ್ಷಕ್ಕೊಂದು ಇರಬೇಕಾದದ್ದು ಬುಟ್ಟಿ ತುಂಬ ಇದ್ದರೆ ಅದು ಬಲಮುರಿ ಶಂಖ ಹೇಗಾದೀತು? ಹುಟ್ಟಿನಿಂದಲೇ ಹಾಗೆ ತಿರುಗುವ ಬೇರೆಯೇ ಜಾತಿ ಇದು! 'ಅಲ್ಲಿ ಶಂಖ ಅವ, ಸಮುದ್ರ ಇಲ್ಲ' ಎಂದು ಖಾದ್ರಿ ಸಾಹೇಬರು ಶಹಾಬಾದಿನ ಕ್ವಾರಿಯಲ್ಲಿ ಹೇಳಿದ್ದು ಆಗ ತಲೆಗೆ ಹೋಯಿತು.

ಹೈದರಾಬಾದಿಗೆ ಹೋದಾಗ ಪ್ರಾಣಿಶಾಸ್ತ್ರ ಕಲಿಸುವ ಒಬ್ಬ ಹಿರಿಯ ಮೇಷ್ಟರಿಗೆ ಬುಟ್ಟಿ ತೋರಿಸಿದೆ. ಅವರು ಒಂದು ನಿಮಿಷವೂ ಯೋಚಿಸಲಿಲ್ಲ. ಇದು ಕೆರೆ ಕುಂಟೆಗಳಲ್ಲಿ ಬದುಕುವ ಬಸವನಹುಳುವಿನ ಜಾತಿ, ಇವೆಲ್ಲ ಹೀಗೆಯೇ ತಿರುಗುತ್ತವೆ, ಸಮುದ್ರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಅಷ್ಟೇ ಅಲ್ಲ, ಸಮುದ್ರದ್ದೇ ಆಗಿದ್ದರೂ ಇಷ್ಟು ಯುಗಗಳ ಮಳೆಗೆ ಉಪ್ಪು ಉಳಿದಿರುತ್ತದೆಯೇ ಎಂದು ಬೈದರು. ಬೈಗುಳ ನನಗೆ ಬಿತ್ತು, ಸಂತೋಷದಿಂದ ತಿಂದೆ.

ಕಾಮತರ ಮೇಜಿನ ಮೇಲೆ ಹುಳುಗಳನ್ನು ಸುರಿದು ಎಲ್ಲ ಹೇಳಿದೆ. ಅವರು ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಕಲಿತದ್ದನ್ನೆಲ್ಲ ಬಿಟ್ಟು ಮಠದ ಪೆಟ್ಟಿಗೆ ನೋಡಿ ನಕ್ಷೆ ಬರೆದೆ, ಅಲ್ಲವಾ?" ಎಂದರು. "ನನ್ನ ಸಹಿಯ ಮೇಲೆ ಸುಳ್ಳು ಕೂತಿದೆ ಶರಣಪ್ಪನವರೇ. ನಾನೇ ತಿದ್ದಬೇಕು. ಮೊದಲು ಆ ಅಮ್ಮನಿಗೆ ಹೇಳಬೇಕು, ಆಮೇಲೆ ಕಾಗದ."

ಬೇರೆ ಅಧಿಕಾರಿಯಾಗಿದ್ದರೆ ಬುಟ್ಟಿಯನ್ನು ಕಿಟಕಿಯಿಂದ ಆಚೆ ಎಸೆಯುತ್ತಿದ್ದ. ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ.

ಜೀಪಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವರು ಹೊಸ ಗೂಟ ಎಲ್ಲಿ ಹೊಡೆಯಬೇಕು, ಕೆಲಸ ಯಾವಾಗ ಶುರು ಮಾಡಿಸಬೇಕು ಎಂದೇ ಮಾತಾಡಿದರು. ನಾನೂ ಭಾರಿ ಉಮೇದಿನಲ್ಲಿದ್ದೆ. ಊರ ಬಾವಿಯ ಹತ್ತಿರ ಜೀಪು ನಿಧಾನ ಮಾಡಿದೆವು. ಬೇವಿನ ಗಿಡದ ಕೆಳಗೆ ಇಬ್ಬರೇ ಹೆಂಗಸರು ಕೂತಿದ್ದರು.

ಗುಡ್ಡದ ಬುಡಕ್ಕೆ ಹೋಗಿ ನೋಡಿದರೆ ನಾವು ಗೂಟ ಕಿತ್ತ ಜಾಗದಲ್ಲೇ ಬಾವಿ! ಸುತ್ತ ಬಿಳಿ ಕಲ್ಲು, ಕರಿಕಲ್ಲು ಒಡೆದು ಹಾಕಿದ ರಾಶಿ. ಶಹಾಬಾದಿನ ಕ್ವಾರಿಯಲ್ಲಿ ದುಡಿಯುವ ಕೇರಿಯ ಗಂಡಸರು ಸರದಿಯ ಮೇಲೆ ರಜೆ ಹಾಕಿ ಬಂದು, ಉಳಿ ಸುತ್ತಿಗೆ ಹಿಡಿದು ತಾವೇ ಇಳಿದಿದ್ದರು. ಮಣ್ಣು ಹೊತ್ತವರು ಹೆಂಗಸರು. ಹುಸೇನಪ್ಪ ಒಳಗಿನ ಕಲ್ಲು ಕಟ್ಟುತ್ತಿದ್ದ. ನಮ್ಮನ್ನು ಕಂಡು ಮೇಲೆ ಬಂದ.

"ಉಪ್ಪು ಬರ್ತದಂತ ಬರದಿದ್ದೆವಲ್ಲೋ, ಹೆಂಗ ಧೈರ್ಯ ಮಾಡಿದ್ರಿ?" ಎಂದೆ.

"ಉಪ್ಪಾದ್ರೂ ನಮ್ಮದರೀ ಸಾಹೇಬ್ರ" ಎಂದ ಹುಸೇನಪ್ಪ. "ದನಕ್ಕ ಬರ್ತದ, ಮೈ ತೊಳಕೊಳ್ಲಿಕ್ಕ ಬರ್ತದ ಅಂತ ಹಚ್ಚಿದ್ವಿ. ಗಂಗವ್ವ ಹ್ಯಾಂಗ ಬಂದಾಳ ನೀವೇ ನೋಡ್ರಿ."

ಅವನು ಸೇದಿ ಕೊಡ ಕಟ್ಟೆಯ ಮೇಲಿಟ್ಟ. ಅಷ್ಟರಲ್ಲಿ ಮಲ್ಲವ್ವ ಬಂದಳು. ಕೊಡ ಕೈಗೆತ್ತಿಕೊಂಡು, ನಮ್ಮನ್ನು ನೋಡಿ ಹಿಂಜರಿದಳು. ಅವಳ ಕೈಯ ನೀರು ನಾವು ಕುಡಿಯುತ್ತೇವೋ ಇಲ್ಲವೋ ಎಂಬ ಅನುಮಾನ. ಕಾಮತರು ಬಗ್ಗಿ ಬೊಗಸೆ ಒಡ್ಡಿದರು. ನನಗೆ ಒಂದು ಕ್ಷಣ ತಡವಾಯಿತು. ಪೇಟೆಯ ಮನೆ, ಅಪ್ಪ, ಮಠದ ಅಯ್ಯನವರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರು. ಆಮೇಲೆ ನಾನೂ ಒಡ್ಡಿದೆ. ತಣ್ಣಗಿನ ಸಿಹಿ ನೀರು. ಅಂಥ ನೀರು ಚಿತ್ತಾಪುರದ ನಮ್ಮ ಬಾವಿಯಲ್ಲೂ ಇರಲಿಲ್ಲ. ಕಾಮತರು ಮತ್ತೆ ಮತ್ತೆ ಬೊಗಸೆ ಒಡ್ಡಿ ಕುಡಿದರು, ಅಂಗಿ ಎಲ್ಲ ಒದ್ದೆಯಾಯಿತು.

ಬಾಯೊರೆಸಿಕೊಂಡು ಅವರು ಹೇಳಿದರು. "ಅಮ್ಮಾ, ನಾನು ತಪ್ಪು ಬರೆದಿದ್ದೆ. ಆ ಮಕ್ಕಳು ಸಿಹಿನೀರಿನವೇ. ನೀವು ಇಟ್ಟದ್ದರಲ್ಲಿ ಏನೂ ತಪ್ಪಿರಲಿಲ್ಲ. ಇವತ್ತೇ ತಿದ್ದುತ್ತೇನೆ, ಸಿಹಿನೀರು ಅಂತ ಬರೆಯುತ್ತೇನೆ."

ನಾನು ಅದನ್ನು ನಮ್ಮ ಮಾತಿನಲ್ಲಿ ಮಲ್ಲವ್ವನಿಗೆ ಹೇಳಿದೆ. ಹಿಗ್ಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೊಡ ಕೆಳಗಿಟ್ಟು ಎರಡೂ ಕೈ ಅಡ್ಡ ಹಿಡಿದಳು.

"ಬ್ಯಾಡ್ರೆಪ್ಪಾ! ನಿಮ್ಮ ಕಾಲ್ ಬೀಳ್ತೀನಿ, ಅದೊಂದ್ ಮಾಡಬ್ಯಾಡ್ರಿ. ಉಪ್ಪಂತನೇ ಇರ್ಲಿ."

ಕಾಮತರು ನನ್ನ ಮುಖ ನೋಡಿದರು. ಅವಳು ಕಟ್ಟೆಯ ಮೇಲೆ ಕೂತು ಹೇಳತೊಡಗಿದಳು.

"ಊರಬಾವಿ ನೋಡೀರಲ್ರೀ, ನಾವ್ ಕೊಡಾ ಇಟ್ಕೊಂಡು ಕುಂದರ್ತಿದ್ದಿವಲ್ಲಾ, ಅದನ್ನ ತೋಡಿದಾಂವ ನಮ್ಮ ಮಾವ. ಆಗ ನಮ್ಮ ಕೇರಿ ಅಲ್ಲೇ ಇತ್ತು. ನಾ ಮದಿವ್ಯಾಗಿ ಬಂದಾಗ ನನ್ನ ಕೈಲೇ ಸೇದೀನಿ. ಯಾರೋ ಸರ್ಕಾರದಾಂವ ಬಂದು, ಈ ಸೀಮ್ಯಾಗ ಇಂಥಾ ಸಿಹಿ ನೀರೇ ಇಲ್ಲಂತ ಬರಕೊಂಡು ಹೋದ. ಮುಂದ ಬರಾ ಬಿತ್ತು. ಊರಾಗಿನ ಮಂದಿ ಬಂದ್ರು. ಪೂಜಿ ಮಾಡ್ಸಿ, ಗೋಮೂತ್ರ ಹಾಕಿ ಬಾವಿ ಶುದ್ಧ ಮಾಡ್ಕೊಂಡ್ರು. ನಮ್ಮ ಗುಡಿಸಲಾ ಕಿತ್ತಿ ಈ ಗುಡ್ಡದ ಬುಡಕ್ಕ ಒಗದ್ರು. ನಮ್ಮ ಮಾವ ತಾ ತೋಡಿದ್ ಬಾವಿ ಮುಂದ ಕೊಡಾ ಇಟ್ಕೊಂಡು ಕುಂತೇ ಸತ್ತ."

"ಇದಕ್ಕೂ ಹಾಗೆ ಬರ್ತಾರಂತೀಯೇನು?" ಎಂದೆ.

"ಬರಲ್ದೆ ಇರ್ತಾರೇನ್ರಿ? ನಮ್ಮ ಬಾವಿ ನೀರು ಬಾಯಾಗ ಹಾಕ್ಕೊಂಡು ನೋಡೋ ಮಂದಿ ಅಲ್ಲ ಅವ್ರು. ಸರ್ಕಾರ ಏನ್ ಬರದಾದ ಅಂತ ನೋಡ್ತಾರ. ಉಪ್ಪಂತ ಇದ್ರ ಈ ಕಡಿ ಹಾಯಂಗಿಲ್ಲ. ನಾವೂ ಉಪ್ಪಂತನೇ ಹೇಳ್ಲಿಕತ್ತೀವಿ. ನಮ್ಮ ಸಣ್ಣ ಹುಡುಗ್ರಿಗೂ ಕಲ್ಸೀವಿ. ಅನುಮಾನ ಬರಬಾರದಂತ ದಿನಾ ಇಬ್ರು ಊರಬಾವಿ ಮುಂದ ಕೊಡಾ ಇಟ್ಕೊಂಡು ಕುಂದರ್ತಾರ. ನೀವಿಬ್ರು ಹೌದಂದ್ರ ಆತು, ನಾವ್ ಬದುಕ್ತೀವಿ."

ನಾನು ಕಾಮತರಿಗೆ ಅನುವಾದಿಸಲು ಬಾಯಿ ತೆರೆದೆ. ಅವರು ಕೈ ಎತ್ತಿ ಬೇಡವೆಂದರು. ಅಷ್ಟು ಹೊತ್ತಿಗೆ ನಮ್ಮ ಮಾತು ಅವರಿಗೆ ತಿಳಿಯುವ ಹಾಗಾಗಿತ್ತು. ಗುಡ್ಡದ ಬಿಳಿ ಪಟ್ಟಿಯ ಕಡೆ ನೋಡಿದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಗುಡ್ಡ ಹತ್ತದೆ ಎತ್ತರ ಬರೆದವನನ್ನು ಬಿಸಿಲಲ್ಲಿ ಹತ್ತಿಸಿದ ಮನುಷ್ಯ ಅದು. ತನ್ನ ಸಹಿಯ ಕೆಳಗೆ ತಪ್ಪಿದೆ ಎಂದು ಗೊತ್ತಿದ್ದೂ ಬಿಡಬೇಕು. ಕೊನೆಗೆ ಮಲ್ಲವ್ವನ ಕಡೆ ತಿರುಗಿ, "ಇರಲಿ ಅಮ್ಮ" ಎಂದರು.

ನೌಕರಿಗೆ ಸೇರುತ್ತಿರುವವರಿಗೆ ಒಂದು ಮಾತು ಹೇಳುತ್ತೇನೆ. ಕಲ್ಲು ಸುಳ್ಳು ಹೇಳುವುದಿಲ್ಲ ಎಂದು ನಿಮಗೆ ಕಲಿಸುತ್ತಾರೆ, ಖರೆ. ಆದರೆ ನೀವು ಬರೆಯುವ ನಕ್ಷೆಯನ್ನು ಕಲ್ಲು ಓದುವುದಿಲ್ಲ, ಮನುಷ್ಯರು ಓದುತ್ತಾರೆ. ಯಾರ ಕೈಗೆ ಹೋಗುತ್ತದೆ, ಅವರು ಅದರಿಂದ ಏನು ಮಾಡುತ್ತಾರೆ ಎಂದು ಯೋಚಿಸದೆ ಸಹಿ ಹಾಕಬೇಡಿ. ನನಗೆ ಇದನ್ನು ಯಾವ ಪುಸ್ತಕವೂ ಕಲಿಸಲಿಲ್ಲ.

ಹೈದರಾಬಾದ್ ರಾಜ್ಯ ಒಡೆದು ನಮ್ಮ ಜಿಲ್ಲೆ ಮೈಸೂರಿಗೆ ಸೇರುವ ದಿನಗಳು ಬಂದವು. ಫೈಲು, ನಕ್ಷೆ, ನೌಕರರು, ಎಲ್ಲವೂ ಹಂಚಿಕೆಯಾಗಬೇಕಿತ್ತು. ಹಳೆಯ ನಕ್ಷೆಗಳನ್ನು ಪರಿಶೀಲಿಸಲು ಒಬ್ಬ ಹಿರಿಯ ಅಧಿಕಾರಿ ಗುಲಬರ್ಗಾಕ್ಕೆ ಬಂದರು. ಬಹಳ ಓದಿದವರು, ನಾಲಿಗೆ ಮಾತ್ರ ಕತ್ತಿ. ನಮ್ಮನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ ಒಂದೊಂದೇ ಹಾಳೆ ಬಿಚ್ಚುತ್ತ ಹೋದರು. ಚಿಂಚೋಳಿಯ ಹಾಳೆ ಬಂದಾಗ ಅವರ ಬೆರಳು ಆ ಗುಡ್ಡದ ಮೇಲೆ ನಿಂತಿತು.

"ಇದನ್ನು ಬರೆದ ಮಹಾನುಭಾವರು ಯಾರು? ಚಿಂಚೋಳಿ ಗುಡ್ಡಕ್ಕೆ ಸಮುದ್ರ ತಂದವರು?"

ಕೋಣೆಯಲ್ಲಿ ನಗು ಎದ್ದಿತು. ಕಾಮತರು ಎದ್ದು ನಿಂತರು.

"ನಾನು, ಸಾರ್."

"ಕಾಲೇಜಿಗೆ ಕಾಲಿಟ್ಟ ಹುಡುಗನಿಗೂ ಗೊತ್ತು, ಇದು ಕೆರೆಯ ಹುಳು. ಇಷ್ಟು ವರ್ಷ ನೌಕರಿ ಮಾಡಿ ಇದನ್ನು ಶಂಖ ಅಂದಿರಾ? ಪೂಜೆಗೆ ಕೂತಿದ್ದಿರೋ, ಕೆಲಸಕ್ಕೆ ಹೋಗಿದ್ದಿರೋ?"

ಮತ್ತೆ ನಗು. ಆ ಬುಟ್ಟಿ ಹುಳುಗಳನ್ನು ನೋಡಿ ತಪ್ಪು ಒಪ್ಪಿಕೊಂಡಿದ್ದ ಮನುಷ್ಯ ಇವರು ಎಂದು ಎದ್ದು ಕೂಗಬೇಕೆನ್ನಿಸಿತು. ಪಕ್ಕದಲ್ಲಿ ನಿಂತಿದ್ದ ಕಾಮತರು ನನ್ನ ಹೆಗಲು ಹಿಡಿದು ಅದುಮಿದರು. ಹಿರಿಯ ಅಧಿಕಾರಿ ಕಾಮತರ ಫೈಲಿನಲ್ಲಿ ಏನೋ ಗೀಚಿದರು. ಆ ಗೀಚಿದ್ದರಿಂದಲೇ ಕಾಮತರು ಉಳಿದ ನೌಕರಿಯನ್ನೆಲ್ಲ ನಕ್ಷೆ ಕೋಣೆಯ ಧೂಳಿನಲ್ಲಿ ಕಳೆದರು, ಮತ್ತೆ ಅವರ ಕೈಗೆ ಸುತ್ತಿಗೆ ಬರಲಿಲ್ಲ. ಗೀಚಿ ಮುಗಿಸಿ ಅಧಿಕಾರಿ ಕೆಂಪು ಪೆನ್ಸಿಲ್ ಎತ್ತಿಕೊಂಡರು.

"ಸಮುದ್ರ ಹೋಯಿತು ಎಂದ ಮೇಲೆ ಉಪ್ಪೂ ಹೋಯಿತು. 'ಉಪ್ಪುನೀರು' ಹೊಡೆದುಹಾಕುತ್ತೇನೆ. 'ಸಿಹಿನೀರು' ಎಂದು ಬರೆಯೋಣ."

"ಬೇಡ ಸಾರ್" ಎಂದರು ಕಾಮತರು. "ಶಂಖ ಅಂದದ್ದು ನನ್ನ ಮೂರ್ಖತನ. ಸಮುದ್ರ ಬೇಕಾದರೆ ಹೊಡೆದುಹಾಕಿ. ಆದರೆ ನೀರು ಉಪ್ಪೇ. ಆ ಕೇರಿಯವರು ಅಲ್ಲಿ ಬಾವಿ ತೋಡಿದ್ದಾರೆ. ನಾನೇ ಹೋಗಿ ಕುಡಿದು ನೋಡಿದ್ದೇನೆ."

ಅಧಿಕಾರಿ ಪೆನ್ಸಿಲ್ ಎತ್ತಿ ಹಿಡಿದುಕೊಂಡೇ ಅವರನ್ನು ಅನುಮಾನದಿಂದ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಇವರ ಜೊತೆಗಿದ್ದವರಲ್ಲವೇ? ನೀವೂ ಕುಡಿದಿರಾ?"

ನಾನು ಎದ್ದು ನಿಂತೆ.

"ಕುಡಿದಿದ್ದೇನೆ ಸರ್" ಎಂದೆ. "ಬಾಯಿಗೆ ಹಾಕುವ ಹಾಗಿಲ್ಲ."